ಎದುರು ದಡಕ್ಕೆ ಸುತ್ತುದಾರಿ

ಹಿಂದೆಲ್ಲ ಬ್ಯಾಂಕಿನವರು ಹೊಸ ವರ್ಷಕ್ಕೆ ಕೊಡುತ್ತಿದ್ದ ಡೈರಿಗಳಲ್ಲಿ ಕೊನೆಯ ಪುಟಗಳಿಗೆ ಒಂದು ಗತ್ತಿತ್ತು. ಅಂಚೆ ದರ, ರಜಾದಿನ, ತೂಕ ಅಳತೆ ಎಲ್ಲ ಮುಗಿದ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಒಂದು ಕೋಷ್ಟಕ: ಊರಿಂದೂರಿಗೆ ಇರುವ ದೂರ. ಅಡ್ಡಸಾಲಿನಲ್ಲಿ ಅಹಮದಾಬಾದು, ಉದ್ದಸಾಲಿನಲ್ಲಿ ತಿರುವನಂತಪುರ. ಎರಡು ಬೆರಳು ಇಟ್ಟುಕೊಂಡು ಸರಿಯುತ್ತ ಬಂದರೆ ಎರಡೂ ಕೂಡುವ ಮನೆಯಲ್ಲಿ ಒಂದು ಅಂಕಿ. ಡೈರಿಯ ಮಿಕ್ಕ ಪುಟಗಳು ಹಾಲಿನವನ ಲೆಕ್ಕಕ್ಕೆ ಹೋದರೂ ಈ ಪುಟ ಮಾತ್ರ ನನ್ನ ಪಾಲಿಗೆ. ಹೋಗಲಾರದ ಊರುಗಳ ದೂರ ತಿಳಿದುಕೊಳ್ಳುವುದರಲ್ಲಿ ಒಂದು ಸುಖವಿದೆ. ಟಿಕೆಟ್ಟಿನ ಖರ್ಚಿಲ್ಲ, ಹೋಲ್ಡಾಲು ಕಟ್ಟುವ ರಗಳೆಯಿಲ್ಲ, ಗ್ಯಾಸ್ ಆಫ್ ಮಾಡಿದೆವೋ ಇಲ್ಲವೋ ಎಂದು ದಾರಿಯುದ್ದಕ್ಕೂ ಕೊರಗಬೇಕಾಗಿಲ್ಲ.

ಈಗ ಆ ಕೋಷ್ಟಕದ ಕೆಲಸವನ್ನು ಫೋನು ಮಾಡುತ್ತದೆ. ಎರಡು ವಿಮಾನ ನಿಲ್ದಾಣಗಳ ಹೆಸರು ಕೊಟ್ಟರೆ ಸಾಕು, ನಡುವಿನ ದೂರ ಇಷ್ಟು, ಹಾರಲು ಹಿಡಿಯುವ ಹೊತ್ತು ಇಷ್ಟು ಎಂದು ಒಪ್ಪಿಸಿಬಿಡುತ್ತದೆ. ಅಲ್ಲಿಂದ ಅಲ್ಲಿಗೆ ವಿಮಾನ ಹೋಗುತ್ತದೆಯೇ ಎಂಬುದು ಅದರ ಇಲಾಖೆಯಲ್ಲ. ನನ್ನ ಬೆರಳು ಸಾಮಾನ್ಯವಾಗಿ ಭೂಪಟದ ನೆತ್ತಿಯ ಕಡೆಗೇ ಓಡುತ್ತದೆ. ಅಲ್ಲಿ ಊರುಗಳು ವಿರಳ, ಹೆಸರುಗಳು ನಾಲಗೆಗೆ ಒಗ್ಗದಂಥವು, ಎಷ್ಟು ಹೊತ್ತು ನೋಡಿದರೂ ಗದ್ದಲವಿಲ್ಲ. ಹಾಗೆ ಸಿಕ್ಕ ಜೋಡಿ ಇಕಾಲುಯಿಟ್ ಮತ್ತು ನೂಕ್. ಇಕಾಲುಯಿಟ್ ಎಂಬುದು ಕೆನಡಾದ ನುನಾವುಟ್ ಪ್ರದೇಶದ ರಾಜಧಾನಿ, ಬ್ಯಾಫಿನ್ ದ್ವೀಪದಲ್ಲಿದೆ. ನೂಕ್ ಗ್ರೀನ್‌ಲ್ಯಾಂಡಿನ ರಾಜಧಾನಿ. ನಡುವೆ ಡೇವಿಸ್ ಜಲಸಂಧಿ. ಫೋನು ಹೇಳಿತು: ಸುಮಾರು 820 ಕಿಲೋಮೀಟರು, ಒಂದೂವರೆ ಗಂಟೆ.

ಬೆಂಗಳೂರಿನಿಂದ ಮುಂಬಯಿಗೆ ಆಕಾಶಮಾರ್ಗದಲ್ಲಿ ಇರುವುದೂ ಹೆಚ್ಚುಕಡಿಮೆ ಇಷ್ಟೇ. ಬೆಳಗ್ಗೆ ಉಪ್ಪಿಟ್ಟು ತಿಂದು ಹೊರಟವರು ಮುಂಬಯಿಯಲ್ಲಿ ಮೀಟಿಂಗು ಮುಗಿಸಿ ರಾತ್ರಿಯ ಸಾರನ್ನಕ್ಕೆ ಮನೆಯಲ್ಲಿರುತ್ತಾರೆ. ಆದರೆ ಇಕಾಲುಯಿಟ್‌ನಿಂದ ನೂಕ್‌ಗೆ 2024ರವರೆಗಿನ ಸುಮಾರು ಹತ್ತು ವರ್ಷ ನೇರ ವಿಮಾನವೇ ಇರಲಿಲ್ಲ. ಹೋಗಲೇಬೇಕಾದವರು ಏನು ಮಾಡಬೇಕಾಗಿತ್ತು ಕೇಳಿ. ಮೊದಲು ದಕ್ಷಿಣಕ್ಕೆ ಒಟ್ಟಾವಾ, ಸುಮಾರು 2,100 ಕಿ.ಮೀ. ಅಲ್ಲಿಂದ ಟೊರೊಂಟೊ. ಟೊರೊಂಟೊದಿಂದ ಅಟ್ಲಾಂಟಿಕ್ ದಾಟಿ ಐಸ್‌ಲ್ಯಾಂಡಿನ ಕೆಫ್ಲಾವಿಕ್, 4,200 ಕಿ.ಮೀ.ಗೆ ಸ್ವಲ್ಪ ಕಡಿಮೆ. ಅಲ್ಲಿ ವಿಮಾನ ಬದಲಿಸಿ ಮತ್ತೆ ಪಶ್ಚಿಮಕ್ಕೆ ತಿರುಗಿ 1,400 ಕಿ.ಮೀ. ಬಂದರೆ ನೂಕ್. ಕೂಡಿಸಿದರೆ ಎಂಟು ಸಾವಿರದ ಆಸುಪಾಸು, ಅಂದರೆ ನೇರ ದಾರಿಯ ಹತ್ತರಷ್ಟು. ಬೆಂಗಳೂರಿನವನು ಲಂಡನ್ನಿಗೆ ಹೋಗುವಷ್ಟು ದೂರ ಹಾರಿ ಮುಂಬಯಿಯಲ್ಲಿ ಇಳಿದ ಹಾಗೆ. ನಡುವೆ ಕಾಯುವುದು, ತಂಗುವುದು ಎಲ್ಲ ಸೇರಿ ಎರಡು ದಿನಕ್ಕೆ ಮೋಸವಿಲ್ಲ.

ಇದರಲ್ಲಿ ಇನ್ನೂ ಒಂದು ಚೋದ್ಯವಿದೆ. ಇಕಾಲುಯಿಟ್, ನೂಕ್, ಕೆಫ್ಲಾವಿಕ್ ಮೂರೂ ಹತ್ತಿರ ಹತ್ತಿರ 64 ಡಿಗ್ರಿ ಉತ್ತರ ಅಕ್ಷಾಂಶದಲ್ಲಿವೆ, ಒಂದೇ ಹಗ್ಗದ ಮೇಲೆ ಒಣಹಾಕಿದ ಹಾಗೆ. ಪ್ರಯಾಣಿಕ ಮಾತ್ರ 64ರಿಂದ 43ಕ್ಕೆ ಇಳಿದು, ಮತ್ತೆ 64ಕ್ಕೆ ಏರಿ, ನೂಕ್ ಇರುವ ರೇಖಾಂಶವನ್ನು ಒಮ್ಮೆ ದಾಟಿ ಮುಂದೆ ಹೋಗಿ, ಹಿಂದಕ್ಕೆ ಬಂದು ಇಳಿಯಬೇಕು. ದಾರಿಯಲ್ಲಿ ಸಮಾಧಾನದ ಸಂಗತಿ ಏನಾದರೂ ಇದ್ದರೆ ಟೊರೊಂಟೊ ಒಂದೇ. ಅಲ್ಲಿ ಕನ್ನಡಿಗರಿಗೆ ಬರವಿಲ್ಲ. ಪರಿಚಯದವರು ಸಿಕ್ಕರೆ ಒಂದು ಹೊತ್ತು ಬಿಸಿಬೇಳೆಬಾತಿಗೆ ಅಡ್ಡಿಯಿಲ್ಲ.

ಈ ಲೆಕ್ಕವನ್ನು ಪಕ್ಕದ ಮನೆಯ ಮೇಷ್ಟ್ರಿಗೆ ಒಪ್ಪಿಸಿದೆ. ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿ ನಿವೃತ್ತರಾದವರು. ಹೊಸ ವಿಷಯ ಏನೇ ಹೇಳಿದರೂ ಮೊದಲು ಅದರ ಅಗತ್ಯವನ್ನು ಪ್ರಶ್ನಿಸುವುದು ಅವರ ಪದ್ಧತಿ.

"ಅಲ್ಲ ಸ್ವಾಮಿ, ಆ ಹಿಮದಿಂದ ಈ ಹಿಮಕ್ಕೆ ಯಾರು ಹೋಗ್ತಾರೆ? ಅಲ್ಲಿ ಏನಿದೆ, ಇಲ್ಲಿ ಇಲ್ಲದ್ದು?"

"ನೆಂಟರು ಇದ್ದಾರೆ ಮೇಷ್ಟ್ರೇ" ಅಂದೆ.

ತಮಾಷೆಗೆ ಹೇಳಿದ್ದಲ್ಲ. ಜಲಸಂಧಿಯ ಎರಡು ದಡದಲ್ಲಿ ಇರುವವರೂ ಇನ್ಯುಯಿಟ್ ಜನವೇ. ನುಡಿಗಳು ಅಕ್ಕತಂಗಿಯರು. ಗಡಿ, ಪಾಸ್‌ಪೋರ್ಟು ಎಲ್ಲ ಆಮೇಲೆ ಬಂದದ್ದು, ಓಡಾಟ ಮೊದಲಿನದು. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಕಿಟ್ಲಾರ್ಸುವಾಕ್ ಎಂಬ ಮಾಂತ್ರಿಕ ನಾಯಕನೊಬ್ಬ ಬ್ಯಾಫಿನ್ ದ್ವೀಪದ ಕಡೆಯಿಂದ ತನ್ನ ಜನರನ್ನು ಕಟ್ಟಿಕೊಂಡು ನಾಯಿಬಂಡಿಗಳಲ್ಲಿ ಉತ್ತರಕ್ಕೆ ಹೊರಟ. ದಾರಿಯಲ್ಲಿ ಕೆಲವರು ಜಗಳವಾಡಿ ಹಿಂದಿರುಗಿದರು. ಉಳಿದವರು ವರ್ಷಗಟ್ಟಲೆ ನಡೆದು, ಬೇಟೆಯಾಡುತ್ತ, ಎಲ್ಸ್‌ಮಿಯರ್ ದ್ವೀಪದಿಂದ ಹೆಪ್ಪುಗಟ್ಟಿದ ಕಡಲಿನ ಮೇಲೆ ಗ್ರೀನ್‌ಲ್ಯಾಂಡಿನ ವಾಯವ್ಯ ತುದಿ ಮುಟ್ಟಿದರು. ಅಲ್ಲಿದ್ದ ಸಣ್ಣ ಪಂಗಡಕ್ಕೆ ಅಷ್ಟರಲ್ಲಿ ಕಯಾಕ್ ಕಟ್ಟುವುದು, ಬಿಲ್ಲುಬಾಣ ಹಿಡಿಯುವುದು ಮರೆತೇಹೋಗಿತ್ತು. ಬಂದ ನೆಂಟರು ಅವನ್ನು ಮತ್ತೆ ಕಲಿಸಿಕೊಟ್ಟರು. ವೇಳಾಪಟ್ಟಿ ಇಲ್ಲದ ಕಾಲದಲ್ಲಿ ಹೋದವರು ಬರಿಗೈಯಲ್ಲಂತೂ ಹೋಗಲಿಲ್ಲ.

"ಅದು ಹಳೇ ಕಥೆ" ಎಂದರು ಮೇಷ್ಟ್ರು. ಹೊಸದನ್ನೂ ಕೊಟ್ಟೆ. 2002ರ ಮಾರ್ಚಿನಲ್ಲಿ ಉತ್ತರ ಧ್ರುವ ಪ್ರದೇಶದ ಚಳಿಗಾಲದ ಕ್ರೀಡಾಕೂಟವನ್ನು ಇಕಾಲುಯಿಟ್ ಮತ್ತು ನೂಕ್ ಜಂಟಿಯಾಗಿ ನಡೆಸಿದವು. ಒಂದೇ ಕೂಟ, ಎರಡು ದೇಶ, ನಡುವೆ ಕಡಲು. ಕೆಲವು ಆಟ ಈ ದಡದಲ್ಲಿ, ಕೆಲವು ಆ ದಡದಲ್ಲಿ. ನಮ್ಮಲ್ಲಿ ತಾಲ್ಲೂಕು ಮಟ್ಟದ ಕಬಡ್ಡಿಯನ್ನು ಎರಡು ಶಾಲೆಗಳ ಮೈದಾನಕ್ಕೆ ಹಂಚಿದರೆ ಆಗುವ ರಾದ್ಧಾಂತ ನೋಡಿದ ಮೇಷ್ಟ್ರಿಗೆ ಈ ಸುದ್ದಿಯಿಂದ ಮಾತ್ರ ನಿಜವಾಗಿ ಗೌರವ ಹುಟ್ಟಿತು.

ಇಷ್ಟು ಹತ್ತಿರದವರಿಗೆ ದಾರಿ ಏಕೆ ಇರಲಿಲ್ಲ? ವಿಮಾನದ ದಾರಿಯೂ ನದಿಯಂತೆ ಇಳಿಜಾರು ನೋಡಿಕೊಂಡೇ ಹರಿಯುವುದು. ಇಲ್ಲಿ ಇಳಿಜಾರು ಎಂದರೆ ದುಡ್ಡು ಬರುವ ದಿಕ್ಕು. ಗ್ರೀನ್‌ಲ್ಯಾಂಡಿಗೆ ಡೆನ್ಮಾರ್ಕು ಯಜಮಾನ, ಆದ್ದರಿಂದ ಅಲ್ಲಿಯ ದಾರಿಗಳೆಲ್ಲ ಕೋಪನ್‌ಹೇಗನ್ನಿಗೆ ಮುಖ ಮಾಡಿದವು. ನುನಾವುಟ್‌ಗೆ ಒಟ್ಟಾವಾ. ಕಾಗದಪತ್ರ, ಡಾಕ್ಟರು, ಮೇಷ್ಟ್ರು, ಹಾಲಿನಪುಡಿ ಎಲ್ಲ ದಕ್ಷಿಣದಿಂದ ಬರಬೇಕು; ಗಂಭೀರ ಕಾಯಿಲೆಯವರು ದಕ್ಷಿಣಕ್ಕೇ ಹೋಗಬೇಕು. ನುನಾವುಟ್‌ನ 25 ಊರುಗಳಲ್ಲಿ ಒಂದಕ್ಕೂ ಇನ್ನೊಂದಕ್ಕೂ ರಸ್ತೆಯಿಲ್ಲ. ಇಪ್ಪತ್ತು ಲಕ್ಷ ಚದರ ಕಿ.ಮೀ.ಗಿಂತ ದೊಡ್ಡ ಸೀಮೆ, 2021ರ ಜನಗಣತಿಯಲ್ಲಿ 37 ಸಾವಿರಕ್ಕೂ ಕಡಿಮೆ ಜನ. ಇಕಾಲುಯಿಟ್‌ನಲ್ಲಿ ಒಂದು ರಸ್ತೆಗೆ 'ಎಲ್ಲಿಗೂ ಹೋಗದ ರಸ್ತೆ' ಎಂದೇ ಹೆಸರು. ಊರಿನ ಹೊರಗೆ ಕೆಲವು ಕಿಲೋಮೀಟರು ಹೋಗಿ ಬಯಲಿನಲ್ಲಿ ನಿಂತುಬಿಡುತ್ತದೆ. ಹೆಸರಿನ ವಿಷಯದಲ್ಲಿ ಇಷ್ಟು ಪ್ರಾಮಾಣಿಕವಾದ ನಗರಸಭೆಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಇನ್ನು ವಿಮಾನ ನಿಲ್ದಾಣಗಳು ಹುಟ್ಟಿದ ಬಗೆ. ಎರಡು ಕಡೆಯೂ ಮೊದಲ ದೊಡ್ಡ ರನ್‌ವೇಗಳನ್ನು ಹಾಕಿದ್ದು ಅಲ್ಲಿಯ ಜನರಿಗಾಗಿ ಅಲ್ಲ. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದಿಂದ ಯುರೋಪಿಗೆ ಯುದ್ಧವಿಮಾನಗಳನ್ನು ಹಾರಿಸಿಕೊಂಡು ಹೋಗಬೇಕಿತ್ತು. ಒಂದೇ ಉಸಿರಿಗೆ ಅಟ್ಲಾಂಟಿಕ್ ದಾಟುವ ತಾಕತ್ತು ಆಗಿನ ಸಣ್ಣ ವಿಮಾನಗಳಿಗಿರಲಿಲ್ಲ. ಹಾಗಾಗಿ ಅಮೆರಿಕನ್ನರು 1941ರಲ್ಲಿ ಗ್ರೀನ್‌ಲ್ಯಾಂಡಿನ ಕಾಂಗರ್ಲುಸ್ಸುವಾಕ್‌ನಲ್ಲೂ 1942ರಲ್ಲಿ ಫ್ರೋಬಿಷರ್ ಬೇ ಎಂಬಲ್ಲೂ ನೆಲೆ ಕಟ್ಟಿದರು. ಆ ಫ್ರೋಬಿಷರ್ ಬೇಯೇ 1987ರಿಂದ ಇಕಾಲುಯಿಟ್. ಅಲ್ಲಿ ಊರಿಗೆ ವಿಮಾನ ನಿಲ್ದಾಣ ಬಂದದ್ದಲ್ಲ, ವಿಮಾನ ನಿಲ್ದಾಣದ ಸುತ್ತ ಊರು ಬೆಳೆದದ್ದು.

ಯುದ್ಧ ಮುಗಿದ ಮೇಲೆ ಆ ರನ್‌ವೇಗಳಿಗೆ ಬೇರೆ ಉದ್ಯೋಗ ಸಿಕ್ಕಿತು. 1954ರ ನವೆಂಬರಿನಲ್ಲಿ ಎಸ್‌ಎಎಸ್ ಕಂಪನಿ ಕೋಪನ್‌ಹೇಗನ್ನಿನಿಂದ ಲಾಸ್ ಏಂಜಲಿಸ್‌ಗೆ ಉತ್ತರದ ಹಿಮಸೀಮೆಯ ಮೇಲಿನಿಂದ ವಿಮಾನ ಶುರುಮಾಡಿತು. ನಡುವೆ ಎಣ್ಣೆ ತುಂಬಿಸಲು ಇಳಿಯುತ್ತಿದ್ದದ್ದು ಕಾಂಗರ್ಲುಸ್ಸುವಾಕ್‌ನಲ್ಲಿ, ಆಮೇಲೆ ವಿನ್ನಿಪೆಗ್‌ನಲ್ಲಿ. ಫ್ರೋಬಿಷರ್ ಬೇಯಲ್ಲೂ ಹೀಗೆ ಎಣ್ಣೆಗೆ ಇಳಿಯುವ ವಿಮಾನಗಳಿದ್ದವು. ಜೆಟ್ಟುಗಳ ದಮ್ಮು ಹೆಚ್ಚಿದ ಮೇಲೆ ಅವೆಲ್ಲ ಕೆಳಗೆ ನೋಡದೆ ಹಾರಿಹೋದವು. ಹೆದ್ದಾರಿಗೆ ಬೈಪಾಸ್ ಆದ ಮೇಲೆ ಹಳೆಯ ಊರಿನ ಹೋಟೆಲಿಗೆ ಬಂದ ಗತಿಯೇ ಬಂತು ಎನ್ನಬೇಕೆಂದಿದ್ದೆ; ಆದರೆ ಹೋಟೆಲು ಮುಚ್ಚಬಹುದು, ಇವನ್ನು ಮುಚ್ಚುವಂತಿಲ್ಲ. ಅದಕ್ಕೆ ಕಾರಣ ಇನ್ನು ಸ್ವಲ್ಪ ಹೊತ್ತಿನಲ್ಲಿ ಹೇಳುತ್ತೇನೆ.

ಮೊದಲು ಫೋನಿನ ಆ ಒಂದೂವರೆ ಗಂಟೆಯ ವಿಚಾರಣೆ ಆಗಬೇಕು. ಈ ಲೆಕ್ಕ ಎಲ್ಲಿಂದ ಬರುತ್ತದೆ? ದೂರವನ್ನು ಗಂಟೆಗೆ ಎಂಟುನೂರು ಕಿ.ಮೀ. ಎಂಬ ಜೆಟ್ ವೇಗದಿಂದ ಭಾಗಿಸು, ಏರಲು ಇಳಿಯಲು ಎಂದು ಅರ್ಧ ಗಂಟೆ ಸೇರಿಸು, ಮುಗಿಯಿತು. ಆದರೆ ನೂಕ್‌ನಲ್ಲಿ ಮೊನ್ನೆಮೊನ್ನೆಯವರೆಗೆ ಇದ್ದ ರನ್‌ವೇ ಬರೀ 930 ಮೀಟರು. ಒಂದು ಕಡೆ ಬೆಟ್ಟ, ಇನ್ನೊಂದು ಕಡೆ ನೀರು. ಅಷ್ಟರಲ್ಲಿ ಇಳಿದು ನಿಲ್ಲುವ ಧೈರ್ಯ ಇರುವುದು ಡ್ಯಾಶ್-8ರಂಥ ಪ್ರೊಪೆಲ್ಲರ್ ವಿಮಾನಕ್ಕೆ, 37 ಸೀಟಿನದು. ಅದರ ವೇಗ ಗಂಟೆಗೆ ಐನೂರು ಚಿಲ್ಲರೆ. ಹಾಗಾಗಿ ಒಂದೂವರೆ ಗಂಟೆ ಎರಡು ಗಂಟೆಯಾಗುತ್ತದೆ. ಆ ಸೀಮೆಯಲ್ಲಿ ಪ್ರಯಾಣದ ಹೊತ್ತನ್ನು ತೀರ್ಮಾನಿಸುವುದು ನಡುವಿನ ಆಕಾಶಕ್ಕಿಂತ ಹೆಚ್ಚಾಗಿ ಎರಡು ತುದಿಯ ಡಾಂಬರು.

ಅದಕ್ಕೇ ದಶಕಗಳ ಕಾಲ ಗ್ರೀನ್‌ಲ್ಯಾಂಡಿನ ವ್ಯವಸ್ಥೆ ವಿಚಿತ್ರವಾಗಿತ್ತು. ಕೋಪನ್‌ಹೇಗನ್ನಿನ ದೊಡ್ಡ ವಿಮಾನ ರಾಜಧಾನಿ ನೂಕ್‌ಗೆ ಬರುವಂತಿಲ್ಲ. ಅದು ಉದ್ದದ ರನ್‌ವೇ ಇರುವ ಕಾಂಗರ್ಲುಸ್ಸುವಾಕ್‌ಗೆ ಬಂದು ಇಳಿಯಬೇಕು; ಉದ್ದವಾದ ಕಡಲಕೊರಕಲೊಂದರ ತುದಿಯಲ್ಲಿ, ಒಳನಾಡಿನಲ್ಲಿ ಇರುವುದರಿಂದ ಅಲ್ಲಿ ಮಂಜಿನ ಕಾಟ ಕಡಿಮೆ. ಊರಿನ ಜನಸಂಖ್ಯೆ ಐನೂರರ ಆಸುಪಾಸು. ಅಲ್ಲಿಂದ ಡ್ಯಾಶ್-8 ಹಿಡಿದು ಮುನ್ನೂರು ಚಿಲ್ಲರೆ ಕಿ.ಮೀ. ದಕ್ಷಿಣಕ್ಕೆ ನೂಕ್. ನೂಕ್‌ನಲ್ಲಿ ಮಂಜು ಕವಿದರೆ ಕಾಂಗರ್ಲುಸ್ಸುವಾಕ್‌ನಲ್ಲೇ ಉಳಿಯಬೇಕು. ದೇಶಕ್ಕೆ ಬಂದು ಇಳಿದಾಗಿದೆ, ಮನೆಗೆ ಹೋಗುವಂತಿಲ್ಲ. ಹೊಸ್ತಿಲ ಮೇಲೆ ಕೂತು ಬಾಗಿಲು ತೆಗೆಯುವುದನ್ನು ಕಾಯಬೇಕು.

ಇನ್ನು ಗಾಳಿ. ಆ ಮೇಲಿನ ಆಕಾಶದಲ್ಲಿ ಗಾಳಿ ಹೆಚ್ಚಾಗಿ ಪಶ್ಚಿಮದಿಂದ ಬೀಸುವುದರಿಂದ ಹೋಗುವಾಗಿನ ಹೊತ್ತೇ ಬೇರೆ, ಬರುವಾಗಿನ ಹೊತ್ತೇ ಬೇರೆ. ಚಳಿಗಾಲದಲ್ಲಿ ರೆಕ್ಕೆಯ ಮೇಲೆ ಕೂತ ಹಿಮವನ್ನು ಬಿಸಿ ಗ್ಲೈಕಾಲ್ ಎರಚಿ ತೊಳೆಯದೆ ವಿಮಾನ ನೆಲ ಬಿಡುವಂತಿಲ್ಲ. ತೊಳೆದ ಮೇಲೂ ತಡಮಾಡಿದರೆ ಮತ್ತೆ ತೊಳೆಯಬೇಕು. ಅಕ್ಷಾಂಶ ಒಂದೇ ಆದರೂ ಎರಡು ಊರಿನ ಚಳಿ ಒಂದೇ ಅಲ್ಲ. ಗ್ರೀನ್‌ಲ್ಯಾಂಡಿನ ಪಶ್ಚಿಮ ದಡವನ್ನು ಒಂದು ಬೆಚ್ಚನೆಯ ಪ್ರವಾಹ ಸವರಿಕೊಂಡು ಹೋಗುವುದರಿಂದ ನೂಕ್‌ನ ಬಂದರು ವರ್ಷವಿಡೀ ತೆರೆದಿರುತ್ತದೆ, ಜನವರಿಯ ಸರಾಸರಿ ಸೊನ್ನೆಗಿಂತ ಎಂಟೊಂಬತ್ತು ಡಿಗ್ರಿ ಕೆಳಗೆ. ಇಕಾಲುಯಿಟ್‌ನಲ್ಲಿ ಅದೇ ಜನವರಿ ಸೊನ್ನೆಗಿಂತ 27 ಡಿಗ್ರಿ ಕೆಳಗೆ. ಕಡಲು ಕಲ್ಲಾಗಿ ಬಿದ್ದಿರುತ್ತದೆ, ಹಡಗು ಬರುವುದು ಬೇಸಿಗೆಯ ಕೆಲವು ತಿಂಗಳು ಮಾತ್ರ. ಮಿಕ್ಕ ದಿನ ಟೊಮೇಟೊ ಕೂಡ ವಿಮಾನದಲ್ಲೇ ಬರಬೇಕು. ಕೆನಡಾದ ಉತ್ತರದಲ್ಲಿ ಬಹಳ ಕಾಲ ಓಡಾಡಿದ ಬೋಯಿಂಗ್ 737-200 'ಕಾಂಬಿ'ಗಳಲ್ಲಿ ಮುಂದಿನ ಅರ್ಧ ಸಾಮಾನಿಗೆ, ಹಿಂದಿನ ಅರ್ಧ ಜನಕ್ಕೆ. ನಡುವೆ ಒಂದು ಗೋಡೆ. ಸಾಮಾನು ಹೆಚ್ಚಿದ ದಿನ ಗೋಡೆ ಹಿಂದಕ್ಕೆ ಸರಿಯುತ್ತಿತ್ತು, ಜನದ ಸೀಟು ಕಡಿಮೆಯಾಗುತ್ತಿತ್ತು. ಕೆಂಪು ಬಸ್ಸಿನಲ್ಲಿ ಹಲಸಿನಹಣ್ಣಿನ ಮೂಟೆಗೆ ಕಾಲಡಿ ಜಾಗ ಕೊಟ್ಟು ಕೂತವರಿಗೆ ಈ ವ್ಯವಸ್ಥೆಯನ್ನು ವಿವರಿಸಬೇಕಾಗಿಲ್ಲ.

ಹೊತ್ತಿನ ಮಾತು ಬಂದಾಗ ಮೇಷ್ಟ್ರನ್ನು ಸುಸ್ತುಮಾಡಿದ ಒಂದು ಲೆಕ್ಕ ಇದೆ. ಬೇಸಿಗೆಯಲ್ಲಿ ಇಕಾಲುಯಿಟ್‌ನ ಗಡಿಯಾರ ನೂಕ್‌ನದಕ್ಕಿಂತ ಮೂರು ಗಂಟೆ ಹಿಂದೆ. ಹಾರಾಟ ಎರಡು ಗಂಟೆ. ಅಂದರೆ ನೂಕ್‌ನಲ್ಲಿ ಹತ್ತಕ್ಕೆ ಹೊರಟವರು ಇಕಾಲುಯಿಟ್‌ನಲ್ಲಿ ಇಳಿಯುವಾಗ ಅಲ್ಲಿ ಬೆಳಗಿನ ಒಂಬತ್ತು. ಹೊರಡುವುದಕ್ಕೆ ಒಂದು ಗಂಟೆ ಮುಂಚೆಯೇ ತಲುಪಿದ ಲೆಕ್ಕ.

ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. "ಹಾಗಾದರೆ ರಾಹುಕಾಲ ಯಾವ ಊರಿನದು ನೋಡಬೇಕು?"

ಪ್ರಶ್ನೆ ಗಂಭೀರವಾದದ್ದೇ. ಬರೀ ಗಡಿಯಾರವನ್ನೇ ನಂಬಿ, ನೂಕ್‌ನಲ್ಲಿ ರಾಹುಕಾಲ ಕಳೆಯಲಿ ಎಂದು ಕಾದು ಹೊರಟರೆ, ಇಕಾಲುಯಿಟ್‌ನಲ್ಲಿ ಇಳಿದಾಗ ಅಲ್ಲಿಯ ರಾಹುಕಾಲ ಕಳೆದೇ ಇರುವುದಿಲ್ಲ. ಒಂದು ಪ್ರಯಾಣಕ್ಕೆ ಎರಡು ಸಲ ಕಾಯಬೇಕು. ಸಾಲದ್ದಕ್ಕೆ ರಾಹುಕಾಲವೆಂದರೆ ಹಗಲಿನ ಎಂಟನೆಯ ಒಂದು ಪಾಲು. ನಮಗೆ ಹಗಲು ಹನ್ನೆರಡು ಗಂಟೆ, ಆದ್ದರಿಂದ ಒಂದೂವರೆ ಗಂಟೆಗೆ ಮುಗಿಯಿತು. ಅಲ್ಲಿ ಜೂನಿನಲ್ಲಿ ಹಗಲು ಸುಮಾರು 21 ಗಂಟೆ. ರಾಹುಕಾಲ ಎರಡೂವರೆ ಗಂಟೆ ದಾಟುತ್ತದೆ, ವಿಮಾನವೇ ಅದರ ಮುಂಚೆ ತಲುಪುತ್ತದೆ. ಡಿಸೆಂಬರಿನಲ್ಲಿ ನಾಲ್ಕು ಚಿಲ್ಲರೆ ಗಂಟೆ ಹಗಲು. ರಾಹುವಿಗೆ ಸಿಗುವುದು ಅರ್ಧ ಗಂಟೆ. ಮೇಷ್ಟ್ರು ಇದನ್ನು ಪಂಚಾಂಗದ ಅಂಚಿನಲ್ಲಿ ಪೆನ್ಸಿಲಿನಿಂದ ಗುರುತುಹಾಕಿಕೊಂಡರು.

ದಿಕ್ಕಿನ ಗೊಂದಲ ಇದಕ್ಕಿಂತ ದೊಡ್ಡದು. ನಮ್ಮಲ್ಲಿ ರನ್‌ವೇಗೆ ನಂಬರು ಕೊಡುವುದು ದಿಕ್ಸೂಚಿಯ ಮುಳ್ಳು ತೋರಿಸುವ ದಿಕ್ಕಿನ ಪ್ರಕಾರ. ಆದರೆ ಆ ಮುಳ್ಳು ನಂಬುವುದು ಭೂಮಿಯ ಕಾಂತಧ್ರುವವನ್ನು, ಆ ಕಾಂತಧ್ರುವ ಒಂದು ಕಡೆ ನಿಲ್ಲುವ ಜಾಯಮಾನದ್ದಲ್ಲ. 1831ರಲ್ಲಿ ಜೇಮ್ಸ್ ಕ್ಲಾರ್ಕ್ ರಾಸ್ ಅದನ್ನು ಕೆನಡಾದ ಬೂಥಿಯಾ ಪರ್ಯಾಯದ್ವೀಪದಲ್ಲಿ ಪತ್ತೆಹಚ್ಚಿದ. ಆಮೇಲೆ ಅದು ಕೆನಡಾದ ದ್ವೀಪಗಳ ನಡುವೆ ಅಲೆದು ಈಗ ಸೈಬೀರಿಯಾದ ಕಡೆಗೆ ಕಾಲುಹಾಕಿದೆ. ಅದರ ಹತ್ತಿರ ಹೋದಷ್ಟೂ ಮುಳ್ಳಿನ ಮಾತು ಕೇಳುವುದು ಅಪಾಯ. ಅದಕ್ಕೆ ಕೆನಡಾದ ಉತ್ತರದ ಆಕಾಶದಲ್ಲಿ ಮುಳ್ಳನ್ನು ಪಕ್ಕಕ್ಕಿಟ್ಟು ನಿಜವಾದ ಉತ್ತರವನ್ನೇ ಲೆಕ್ಕಕ್ಕೆ ಹಿಡಿಯುತ್ತಾರೆ. ರೆಸೊಲ್ಯೂಟ್ ಊರಿನ ರನ್‌ವೇ ನಂಬರಿನ ಪಕ್ಕದಲ್ಲಿ ಅದನ್ನು ತಿಳಿಸುವ 'ಟಿ' ಅಕ್ಷರ ಇದೆ. ಅದೇ ರೆಸೊಲ್ಯೂಟ್‌ನಲ್ಲಿ 2011ರ ಆಗಸ್ಟ್ 20ರಂದು ಇಳಿಯಲು ಬಂದ 737 ಒಂದು ದಾರಿ ತಪ್ಪಿ ಗುಡ್ಡಕ್ಕೆ ಬಡಿದು, ಒಳಗಿದ್ದ 15 ಜನರಲ್ಲಿ 12 ಜನ ಹೋದರು. ತನಿಖೆಯಲ್ಲಿ ಹೊರಬಂದ ಹಲವು ಕಾರಣಗಳಲ್ಲಿ ವಿಮಾನದ ದಿಕ್ಸೂಚಿ ಕೆಲವು ಡಿಗ್ರಿ ಜಾರಿದ್ದೂ ಒಂದು. ಮನೆಯಲ್ಲಿ ಕೂತು ಲೆಕ್ಕ ಹಾಕುವವರಿಗೆ ಡಿಗ್ರಿ ಒಂದು ಅಂಕಿ, ಅಲ್ಲಿ ಹಾಗಲ್ಲ.

ಈಗ ಆಗಲೇ ಬಾಕಿ ಉಳಿಸಿದ್ದ ಮಾತು. ಈ ನಿಲ್ದಾಣಗಳನ್ನು ಏಕೆ ಮುಚ್ಚುವಂತಿಲ್ಲ? ಯುರೋಪು ಅಮೆರಿಕಗಳ ನಡುವೆ ಹಾರುವ ಎರಡು ಎಂಜಿನ್ನಿನ ವಿಮಾನಗಳು, ಒಂದು ಕೈಕೊಟ್ಟರೆ ಇನ್ನೊಂದರ ಮೇಲೆ ನಿಗದಿತ ಹೊತ್ತಿನೊಳಗೆ ಇಳಿಯಬಲ್ಲ ಒಂದು ನೆಲ ದಾರಿಯುದ್ದಕ್ಕೂ ಇರುವಂತೆ ನೋಡಿಕೊಳ್ಳಬೇಕು ಎಂಬ ನಿಯಮವಿದೆ. ಇಕಾಲುಯಿಟ್‌ನ 2,600 ಮೀಟರು ಉದ್ದದ ರನ್‌ವೇ ಅಂಥ ನೆಲ. 2017ರ ಫೆಬ್ರವರಿ 1ರಂದು ಜೂರಿಕ್‌ನಿಂದ ಲಾಸ್ ಏಂಜಲಿಸ್‌ಗೆ ಹೊರಟಿದ್ದ ಸ್ವಿಸ್ ಕಂಪನಿಯ ಬೋಯಿಂಗ್ 777ರ ಒಂದು ಎಂಜಿನ್ ನಿಂತುಹೋಗಿ, ಇನ್ನೂರಕ್ಕೂ ಹೆಚ್ಚು ಜನರೊಂದಿಗೆ ಅದು ಇಲ್ಲಿ ಬಂದು ಇಳಿಯಿತು. ಕ್ಯಾಲಿಫೋರ್ನಿಯಾದ ಬಿಸಿಲಿಗೆಂದು ಬಟ್ಟೆ ತುಂಬಿಕೊಂಡು ಹೊರಟವರು! ನ್ಯೂಯಾರ್ಕಿನಿಂದ ಬೇರೆ ವಿಮಾನ ಬರುವವರೆಗೆ ಗಂಟೆಗಟ್ಟಲೆ ಒಳಗೇ ಕೂತಿದ್ದರು. ಹೊಸ ಎಂಜಿನ್ನನ್ನು ಆಂಟೊನೊವ್-124 ಎಂಬ ದೈತ್ಯ ವಿಮಾನ ಹೊತ್ತು ತಂದಿತು. ಕೊರೆಯುವ ಚಳಿಯಲ್ಲಿ ಡೇರೆ ಹಾಕಿ ಅದನ್ನು ಜೋಡಿಸಿದರು.

ಅದೇ ವರ್ಷ ಸೆಪ್ಟೆಂಬರ್ 30ರಂದು ಪ್ಯಾರಿಸ್ಸಿನಿಂದ ಹೊರಟ ಏರ್ ಫ್ರಾನ್ಸಿನ ಎ380ರ ಒಂದು ಎಂಜಿನ್ನಿನ ಮುಂಭಾಗ ಗ್ರೀನ್‌ಲ್ಯಾಂಡಿನ ಮೇಲೆ ಕಳಚಿ ಬಿತ್ತು. ವಿಮಾನ ಕೆನಡಾದ ಗೂಸ್ ಬೇಯಲ್ಲಿ ಕ್ಷೇಮವಾಗಿ ಇಳಿಯಿತು. ಬಿದ್ದ ತುಂಡನ್ನು ಹುಡುಕಿ ತೆಗೆದದ್ದು ಮಾತ್ರ 2019ರಲ್ಲಿ, ನಾಲ್ಕು ಮೀಟರು ಹಿಮದ ಅಡಿಯಿಂದ. ಎ380ಗೂ ಇಕಾಲುಯಿಟ್‌ಗೂ ಹಳೆಯ ಪರಿಚಯ. 2006ರ ಫೆಬ್ರವರಿಯಲ್ಲಿ, ಚಳಿಯನ್ನು ತಡೆಯುತ್ತದೆಯೇ ನೋಡೋಣ ಎಂದು ಅದನ್ನು ಇಲ್ಲಿಗೇ ತಂದು ನಿಲ್ಲಿಸಿದ್ದರು. ಐನೂರಕ್ಕೂ ಮಿಕ್ಕಿ ಸೀಟಿನ ವಿಮಾನ. ಆಗ ಊರಿನ ಜನಸಂಖ್ಯೆ ಆರು ಸಾವಿರ ಚಿಲ್ಲರೆ. ಹನ್ನೆರಡು ಟ್ರಿಪ್ಪಿಗೆ ಊರು ಖಾಲಿ. ಆದರೆ ಅದು ಯಾರನ್ನೂ ಎಲ್ಲಿಗೂ ಕರೆದುಕೊಂಡು ಹೋಗಲು ಬಂದಿರಲಿಲ್ಲ. ನಡುಗಿ ನೋಡಿ ವಾಪಸ್ ಹೋಯಿತು.

ನಮ್ಮವರೂ ಈ ನೆತ್ತಿಯ ಮೇಲೆ ಹಾಯುವವರೇ. ಬೆಂಗಳೂರು–ಸ್ಯಾನ್‌ಫ್ರಾನ್ಸಿಸ್ಕೊ ನೇರ ವಿಮಾನ 2021ರ ಜನವರಿಯಲ್ಲಿ ಶುರುವಾದಾಗ ಮೊದಲ ಹಾರಾಟ ಉತ್ತರ ಧ್ರುವದ ಮೇಲಿನಿಂದ ಬಂದು ಕೆಂಪೇಗೌಡ ನಿಲ್ದಾಣದಲ್ಲಿ ಇಳಿಯಿತು. ನಡೆಸಿದವರು ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಮತ್ತು ಸಂಗಡಿಗರು, ಎಲ್ಲರೂ ಮಹಿಳೆಯರು. ಸುಮಾರು 14 ಸಾವಿರ ಕಿ.ಮೀ., 17 ಗಂಟೆ. ಪೂರ್ವಕ್ಕೋ ಪಶ್ಚಿಮಕ್ಕೋ ಹೋಗಬೇಕಾದದ್ದು ಉತ್ತರಕ್ಕೇಕೆ ಎಂದು ಕೇಳುವವರು ಗೋಳದ ಮೇಲೆ ಒಂದು ದಾರವನ್ನು ಬಿಗಿದು ಹಿಡಿದು ನೋಡಬೇಕು. ದಾರ ತಾನಾಗಿಯೇ ಧ್ರುವದ ಕಡೆ ಜಾರಿ ಕೂರುತ್ತದೆ. ಗೋಡೆಯ ನಕ್ಷೆಯನ್ನು ನಂಬಬಾರದು. 64 ಡಿಗ್ರಿಯಲ್ಲಿ ಒಂದು ರೇಖಾಂಶದಿಂದ ಮುಂದಿನದಕ್ಕೆ 49 ಕಿ.ಮೀ. ಮಾತ್ರ, ಬೆಂಗಳೂರಿನ ಮಟ್ಟದಲ್ಲಿ 108. ನಕ್ಷೆ ಎರಡನ್ನೂ ಒಂದೇ ಅಗಲಕ್ಕೆ ಎಳೆದು ತೋರಿಸುತ್ತದೆ. ಧ್ರುವದ ಮೇಲಿನ ಹಾರಾಟಗಳಲ್ಲಿ ಪೈಲಟ್ಟುಗಳು ರೆಕ್ಕೆಯೊಳಗಿನ ಎಣ್ಣೆಯ ಮೈಬಿಸಿಯನ್ನು ಆಗಾಗ ನೋಡುತ್ತಿರುತ್ತಾರೆ. ಜೆಟ್ ಎ-1 ಎಣ್ಣೆ ಸೊನ್ನೆಗಿಂತ 47 ಡಿಗ್ರಿ ಕೆಳಗೆ ಹೆಪ್ಪುಗಟ್ಟತೊಡಗುತ್ತದೆ. ಅಷ್ಟು ಹತ್ತಿರ ಬಂದರೆ ಕೆಳಗಿಳಿದು ಸ್ವಲ್ಪ ಬೆಚ್ಚನೆಯ ಗಾಳಿ ಹುಡುಕಬೇಕು, ಇಲ್ಲವೇ ವೇಗ ಹೆಚ್ಚಿಸಿ ಗಾಳಿಯ ತಿಕ್ಕಾಟದಲ್ಲಿ ಕಾಯಿಸಿಕೊಳ್ಳಬೇಕು. ಹಿಂದಿನ ಸೀಟಿನಲ್ಲಿ ಮಗಳ ಬಾಣಂತನಕ್ಕೆ ಚಟ್ನಿಪುಡಿ ಕಟ್ಟಿಕೊಂಡು ಹೊರಟ ಅಜ್ಜಿಗೆ ಇದರ ಸುಳಿವೂ ಇರುವುದಿಲ್ಲ.

ಹಾಗೆ ಜಗತ್ತೆಲ್ಲ ಮೇಲಿಂದ ಹಾಯುತ್ತಿದ್ದಾಗ ಕೆಳಗಿನ ಎರಡು ಊರಿಗೆ ಪರಸ್ಪರ ದಾರಿ ಇಲ್ಲದ್ದು ನನಗೆ ಸೋಜಿಗ. ಗಡಿಯಾದರೂ ಇಲ್ಲವೇ ಎಂದರೆ ಅದೂ ಇದೆ. ಹಾನ್ಸ್ ದ್ವೀಪ ಎಂಬ ಒಂದೂಕಾಲು ಚದರ ಕಿ.ಮೀ.ನ ಬೋಳುಬಂಡೆಗಾಗಿ ಕೆನಡಾ ಮತ್ತು ಡೆನ್ಮಾರ್ಕು ದಶಕಗಳ ಕಾಲ ಹೋರಾಡಿದವು. ಹೋರಾಟ ಅಂದರೆ, ಇವರು ಹೋಗಿ ಬಾವುಟ ನೆಟ್ಟು ಒಂದು ಬಾಟಲಿ ಇಟ್ಟು ಬರುವುದು, ಅವರು ಬಂದು ಅದನ್ನು ಕಿತ್ತು ತಮ್ಮ ಬಾವುಟ, ತಮ್ಮ ಬಾಟಲಿ ಇಡುವುದು. 2022ರಲ್ಲಿ ರಾಜಿಯಾಗಿ ಬಂಡೆಯನ್ನು ನಡುವೆ ಹಂಚಿಕೊಂಡರು. ಅಲ್ಲಿಗೆ ಯಾರೂ ಇರದ ಕಲ್ಲಿನ ಮೇಲೆ ಎರಡು ದೇಶಕ್ಕೂ ನೆಲದ ಗಡಿ ಸಿಕ್ಕಿತು. ಜನ ಇರುವ ಕಡೆ ವಿಮಾನಕ್ಕಾಗಿ ಇನ್ನೂ ಎರಡು ವರ್ಷ ಕಾಯಬೇಕಾಯಿತು.

ಹಿಂದೆಯೂ ನೇರ ವಿಮಾನ ಆಗಾಗ ಇತ್ತು ಅನ್ನಿ. 2012ರಲ್ಲೊಮ್ಮೆ ಶುರುವಾಗಿ ಎರಡು ಮೂರು ಬೇಸಿಗೆ ನಡೆದು ನಿಂತಿತ್ತು. ಸೀಟು ತುಂಬದಿದ್ದರೆ ಯಾವ ಕಂಪನಿಯ ಬಂಧುಪ್ರೇಮವೂ ಬಹಳ ದಿನ ಬಾಳುವುದಿಲ್ಲ. 2024ರ ಜೂನ್ ಕೊನೆಗೆ ಏರ್ ಗ್ರೀನ್‌ಲ್ಯಾಂಡ್, ಕೆನೇಡಿಯನ್ ನಾರ್ತ್ ಜೊತೆ ಒಪ್ಪಂದ ಮಾಡಿಕೊಂಡು ಮತ್ತೆ ಹಾರಿಸಿತು. ವಾರಕ್ಕೊಂದು, ಅದೇ 37 ಸೀಟಿನ ಡ್ಯಾಶ್-8. ಆ ವರ್ಷ ಅಕ್ಟೋಬರಿನವರೆಗೆ.

ಅದೇ ವರ್ಷ ನವೆಂಬರ್ 28ರಂದು ನೂಕ್‌ನಲ್ಲಿ 2,200 ಮೀಟರಿನ ಹೊಸ ರನ್‌ವೇ ತೆರೆಯಿತು. ಗುಡ್ಡವನ್ನು ಸಿಡಿಸಿ, ತಗ್ಗು ತುಂಬಿಸಿ ಮಾಡಿದ್ದು. ಕೋಪನ್‌ಹೇಗನ್ನಿನ ದೊಡ್ಡ ಏರ್‌ಬಸ್ ಈಗ ಕಾಂಗರ್ಲುಸ್ಸುವಾಕ್‌ನಲ್ಲಿ ನಿಲ್ಲದೆ ನೇರ ರಾಜಧಾನಿಗೇ ಬರುತ್ತದೆ. 2025ರ ಜೂನಿನಲ್ಲಿ ನ್ಯೂಯಾರ್ಕಿನ ಪಕ್ಕದ ನ್ಯೂವಾರ್ಕ್‌ನಿಂದಲೂ ವಾರಕ್ಕೆರಡು ಜೆಟ್ ಶುರುವಾಯಿತು: ಮೂರು ಸಾವಿರ ಕಿ.ಮೀ., ನಾಲ್ಕು ಗಂಟೆ. ಆ ಬೇಸಿಗೆ ಅಮೆರಿಕದ ಪ್ರವಾಸಿ ಬೆಳಗ್ಗೆ ಹೊರಟು ಅದೇ ದಿನ ನೂಕ್‌ನಲ್ಲಿ ಇಳಿದು ತಿಮಿಂಗಿಲದ ಫೋಟೊ ತೆಗೆಯಬಹುದಿತ್ತು.

"ಅದೆಲ್ಲ ಸರಿ" ಎಂದರು ಮೇಷ್ಟ್ರು. "ಎದುರು ದಡದವರಿಗೆ ಚಳಿಗಾಲದಲ್ಲಿ ನೂಕ್‌ನಿಂದ ಯಾರೋ ತೀರಿಕೊಂಡ ಸುದ್ದಿ ಬಂತು ಅಂತಿಟ್ಟುಕೊಳ್ಳಿ. ಆಗ?"

"ಒಟ್ಟಾವಾ, ಟೊರೊಂಟೊ, ಕೆಫ್ಲಾವಿಕ್."

ಅವರು ಬೆರಳು ಮಡಚಿ ದಿನ ಎಣಿಸಿದರು. "ಮಣ್ಣಿಗೆ ಸಿಗೋದಿಲ್ಲ. ವೈಕುಂಠ ಸಮಾರಾಧನೆಗೆ ತಲುಪಬಹುದು, ಮಂಜು ಇಲ್ಲದಿದ್ದರೆ."